ಮಾವನವರನ್ನು ಅಗಲ ಮಾಡಿದ ಕಲಾವಿದರಿಗೆ

ಚಿತ್ರಕಲಾವಿದರಾದ ಮಾನ್ಯ ಕಾಶಪ್ಪನವರೇ,

ಇಳಕಲ್ಲಿನ ನೇಕಾರ ಮನೆತನದ ಸೊಸೆ ಸಾವಿತ್ರೆವ್ವ, ತಮ್ಮ ಕುಂಚಕ್ಕೆ ಮೊದಲು ಕೈಮುಗಿದು, ಆಮೇಲೆ ತಮಗೂ ಮುಗಿದು, ಊರವರೆಲ್ಲ ಓದಲೆಂದು ಬರೆಯುವ ಬಿನ್ನಹ.

ತೀರಿಹೋದ ನಮ್ಮ ಮಾವ ಅಮಾತೆಪ್ಪನವರು ಎಂಥ ಸಣಕಲು ಎಂದರೆ, ಗಾಳಿ ಬೀಸಿದಾಗ ತಲೆಗೆ ಸುತ್ತಿದ ಪಟಗವನ್ನು ಬಿಟ್ಟು ತಮ್ಮನ್ನು ತಾವೇ ಹಿಡಿದುಕೊಳ್ಳುತ್ತಿದ್ದರು. ಅವರದೆಂದು ಉಳಿದಿದ್ದುದು ನಿಂತು ತೆಗೆಸಿದ ಒಂದೇ ಫೋಟೋ. ಅಗಲ ನಾಲ್ಕು ಇಂಚು, ಎತ್ತರ ಆರು. ನನ್ನ ಯಜಮಾನರು ಬಾಗಲಕೋಟೆಯ ಪೇಟೆಯಲ್ಲಿ ಆಸೆಪಟ್ಟು ಕೊಂಡ ಚೌಕಟ್ಟಾದರೋ ಎರಡಡಿ ಅಗಲ, ಎರಡಡಿ ಎತ್ತರ. ಎರಡನ್ನೂ ತಮ್ಮ ಕೈಗಿತ್ತು, ದೊಡ್ಡದಾಗಿ ಬರೆದುಕೊಡಿ ಎಂದೆವು.

ತಾವು ಫೋಟೋದ ಮೇಲೆ ಅಡ್ಡಉದ್ದ ಗೆರೆ ಹಾಕಿ ಚೌಕದ ಮನೆಗಳನ್ನು ಮಾಡಿ, ಅಷ್ಟೇ ಮನೆಗಳನ್ನು ಚೌಕಟ್ಟಿನಳತೆಯ ಹಲಗೆಯ ಮೇಲೂ ಎಳೆದಿರಿ. ಫೋಟೋದಲ್ಲಿ ಸರಿಚೌಕವಾಗಿದ್ದ ಮನೆ ಹಲಗೆಯಲ್ಲಿ ಅಡ್ಡಡ್ಡ ಬೆಳೆಯಿತು. ಒಳಗಿದ್ದ ಮಾವನವರೂ ಬೆಳೆದರು. ಎತ್ತರಕ್ಕೆ ನಾಲ್ಕು ಪಟ್ಟು ಕೊಟ್ಟ ಕೈ ಅಗಲಕ್ಕೂ ನಾಲ್ಕೇ ಪಟ್ಟು ಕೊಟ್ಟಿದ್ದರೆ ಅವರು ಹದಿನಾರು ಇಂಚಿನಲ್ಲಿ ಮುಗಿಯುತ್ತಿದ್ದರು. ಉಳಿದ ಜಾಗದಲ್ಲಿ ತಾವು ಒಂದು ಹೂವಿನ ಕುಂಡ ಬರೆಯಬಹುದಿತ್ತು. ಆದರೆ ಉದಾರಿಗಳಾದ ತಾವು ಅಗಲಕ್ಕೆ ಆರು ಪಟ್ಟು ದಯಪಾಲಿಸಿದಿರಿ.

ಚಿತ್ರವನ್ನು ಪಡಸಾಲೆಗೆ ತಂದಾಗ ನಮ್ಮ ಅತ್ತೆ ಅಂಬವ್ವನವರು ಥಟ್ಟನೆ ತಲೆತುಂಬ ಸೆರಗೆಳೆದು, "ಯಾರವ್ವಾ ಈ ಗೌಡ್ರು? ಕುಂಡ್ರಾಕರ ಹೇಳ್ರಿ, ಚಾ ಇಡ್ತೇನಿ" ಎಂದರು. ಇವರೇ ಮಾವನವರೆಂದೆ. ಬಹಳ ಹೊತ್ತು ನೋಡಿ, "ನನ್ನ ಗಂಡಗ ಇಷ್ಟು ಅನ್ನ ನಾ ಯಾವಾಗ ಹಾಕೇನವ್ವಾ?" ಎಂದವರೇ ಒಳಗೆ ಹೋದರು. ಅಂದಿನಿಂದ ಆ ಗೋಡೆಯ ಮುಂದೆ ಸೆರಗಿಲ್ಲದೆ ದಾಟಲಿಲ್ಲ, ಒಂದು ಹೂ ಏರಿಸಲಿಲ್ಲ. ನಾನು ದೂರು ತಂದಾಗ ತಾವು ನಸುನಕ್ಕು, "ಚೌಕಟ್ಟ ತುಂಬಬೇಕಲ್ರಿ ಬಾಯಾರ, ಸತ್ತಮ್ಯಾಲರ ಮನಷ್ಯಾ ಮೈ ಹಿಡೀಲಿ" ಎಂದು ಅಪ್ಪಣೆ ಕೊಡಿಸಿದಿರಿ. ಬದುಕಿದ್ದಾಗ ಯಾವ ವೈದ್ಯರಿಂದಲೂ ಆಗದ್ದನ್ನು ತಾವು ಸಾಧಿಸಿದ್ದೀರಿ ಎಂಬುದನ್ನು ನಾನು ಒಪ್ಪಲೇಬೇಕು.

ಮೊನ್ನೆ ಅತ್ತೆಯವರು ಜೋಳ ಹಸನು ಮಾಡಲು ಬೆಳಕಿಗೆಂದು ಪಡಸಾಲೆಯ ಕಿಟಕಿಯ ಮೂಲೆಯಲ್ಲಿ ಕುಳಿತವರು, ಓರೆಯಾಗಿ ಕತ್ತೆತ್ತಿದರು. "ಸಾವಿತ್ರೀ, ಲಗೂನ ಬಾ! ಇಲ್ಲಿಂದ ನೋಡು... ಬಂದಾರ" ಎಂದರು. ಹೋಗಿ ನೋಡಿದೆ. ಆ ಮೂಲೆಯಿಂದ ಎತ್ತರ ಹಾಗೆಯೇ ಉಳಿದು ಅಗಲ ಮಾತ್ರ ಕುಗ್ಗಿ, ನಮ್ಮ ಬಡಕಲು ಮಾವನವರೇ ಗೋಡೆಯ ಮೇಲೆ ನಿಂತಿದ್ದರು. ಅತ್ತೆಯವರ ಸೆರಗು ಹೆಗಲಿಗೆ ಜಾರಿತ್ತು. ಅವರು ಅದನ್ನು ಎತ್ತಿಕೊಳ್ಳಲಿಲ್ಲ. ಮೊರ ಬದಿಗಿಟ್ಟು, ಎಷ್ಟೋ ದಿನದ ಮಾತನ್ನು ಗಂಡನ ಮುಂದೆ ಆಡತೊಡಗಿದರು. ನಾನು ಮೆಲ್ಲಗೆ ಹೊರಗೆ ಬಂದೆ.

ಆದ್ದರಿಂದ ಚಿತ್ರವನ್ನು ತಿದ್ದಬೇಡಿ. ಆದರೆ ನೆಂಟರಿಷ್ಟರು ಮುಂಬಾಗಿಲಿನಿಂದ ಬಂದು ಯಾರೋ ಗೌಡರಿಗೆ ಕೈಮುಗಿದು ಹೋಗುತ್ತಿದ್ದಾರೆ. ತಾವು ದಯಮಾಡಿ ಬಂದು, ಆ ಬಾಗಿಲನ್ನು ಮುಚ್ಚಿ, ಕಿಟಕಿಯ ಮೂಲೆಯಲ್ಲಿ ಗೋಡೆ ಒಡೆದು ಹೊಸ ಬಾಗಿಲು ಇಟ್ಟುಕೊಡಬೇಕಾಗಿ ವಿನಂತಿ. ಅಗಲ ಎಷ್ಟಿರಬೇಕೆಂದು ಮಾತ್ರ ಗೌಂಡಿಯನ್ನು ಕೇಳಿರಿ.

ತಮ್ಮ ಔದಾರ್ಯದ ಅಗಲಕ್ಕೆ ಬೆರಗಾದ,
ತಮ್ಮ ವಿಶ್ವಾಸಿ
ಸಾವಿತ್ರೆವ್ವ
ಇಳಕಲ್ಲು, ೧೯೭೯

ತಾ.ಕ.: ಗಂಡನ ಪಕ್ಕದಲ್ಲಿ ತಾನು ಕಡ್ಡಿಯಂತೆ ಕಾಣಬಾರದು, ತಾನು ತೀರಿದ ಮೇಲೆ ತನ್ನ ಚಿತ್ರವನ್ನೂ ಕಾಶಪ್ಪನವರೇ ಬರೆಯಬೇಕು ಎಂದು ಅತ್ತೆಯವರು ಅಪ್ಪಣೆ ಮಾಡಿದ್ದಾರೆ. ದೇವರ ದಯದಿಂದ ಅವರು ಗಟ್ಟಿಮುಟ್ಟಾಗಿದ್ದಾರೆ. ಅಷ್ಟರೊಳಗೆ ಭಾಗಾಕಾರ ಕಲಿಯಲು ತಮಗೆ ಬೇಕಾದಷ್ಟು ಕಾಲವಿದೆ.