ಅಡ್ಡ ಬಂದ ಮೋಡ

ನನಗೆ ಸಿಟ್ಟು ಬಂದಿದೆ. ಮೊದಲನೆಯದಾಗಿ ಸೂರ್ಯನ ಮೇಲೆ. ಅವನು ಅಲ್ಲಿ ಸೀನಿದರೆ ಇಲ್ಲಿ ಉತ್ತರದ ಆಕಾಶ ಹಸಿರಾಗಿ, ಗುಲಾಬಿಯಾಗಿ ಬೆಳಗುತ್ತದಂತೆ. ಅದಕ್ಕೆ ಈ ಊರಿನವರು ಅರೋರಾ ಎನ್ನುತ್ತಾರೆ. ಅಲಾಸ್ಕಾದವರು ನೋಡಿಕೊಳ್ಳಲಿ, ಬೇಡವೆಂದವರು ಯಾರು? ಆದರೆ ಸೂರ್ಯನಿಗೆ ನೆಗಡಿ ಜೋರಾದಾಗ ಅದು ಸಿಯಾಟಲ್‌ವರೆಗೂ ಇಳಿದು ಬಂದು ನನ್ನ ಸಂಸಾರಕ್ಕೇ ಕೈ ಹಾಕುತ್ತದೆ!

ಹಿಂದಿನ ಸಲ ಅದು ಬಂದಾಗ ನನ್ನ ಹೆಂಡತಿ ಯಾಮಿನಿ (ಹೆಸರಿಗೆ ತಕ್ಕ ಹಾಗೆ ರಾತ್ರಿಯಾದರೆ ಅವಳಿಗೆ ಹುರುಪು) ನನ್ನನ್ನು ಅಲುಗಿಸಿ, "ರೀ, ಅರೋರಾ ಬರತ್ತಂತೆ, ಏಳ್ರೀ" ಎಂದಿದ್ದಳು. ನಾನು ವಿಜ್ಞಾನ ಓದಿದವನು. ಅಕ್ಷಾಂಶ, ಅಯಸ್ಕಾಂತ ಎಲ್ಲ ವಿವರಿಸಿ, "ಇಷ್ಟು ದಕ್ಷಿಣಕ್ಕೆಲ್ಲ ಅದು ಕಾಣಲ್ಲ ಕಣೇ, ಮಲಕ್ಕೋ" ಎಂದು ಮಗ್ಗುಲಾದೆ. ಪಾಪ, ಮಲಗಿದಳು. (ಮದುವೆಯಾದ ಮೇಲೆ ಅವಳು ನನ್ನ ಮಾತು ಕೇಳಿದ್ದು ಅದೊಂದೇ ಸಲ.) ಬೆಳಿಗ್ಗೆ ಎದ್ದು ಫೋನು ನೋಡಿದರೆ ಅರೋರಾವೋ ಅರೋರಾ: ಪಕ್ಕದ ಕೆನ್ಮೋರ್‌ನಲ್ಲಿರುವ ಅವಳ ಗೆಳತಿ ಶಾಮಲಾ ಹಿತ್ತಲಲ್ಲಿ ನಿಂತು ತೆಗೆದ ಫೋಟೋ, ರೆಂಟನ್‌ನಲ್ಲಿ ನಮ್ಮದೇ ಬೀದಿಯವರು ಕಸದ ಡಬ್ಬಿ ಇಡಲು ಹೋಗಿ ತೆಗೆದ ಫೋಟೋ!

ಅಂದಿನಿಂದ ನಾನು ಸಾರಿಗೆ ಉಪ್ಪು ಹೆಚ್ಚಾಯಿತು ಎಂದರೂ ಒಂದೇ ಮಾತು: "ಅರೋರಾ ಕಾಣಲ್ಲ ಅಂದ ಬಾಯಿ ತಾನೇ ಇದು?" ಅವಳ ಪ್ರಶ್ನೆಗೆ ನನ್ನಲ್ಲಿದ್ದ ಉತ್ತರವೆಂದರೆ ದಿಕ್ಕು ಮಾತ್ರ. ಅವಳಿಗೊಮ್ಮೆ ಅದನ್ನು ತೋರಿಸದ ಹೊರತು ಮನೆಯಲ್ಲಿ ನನ್ನ ಮಾತಿಗೆ ಮೂರು ಕಾಸಿನ ಬೆಲೆ ಇರಲಿಲ್ಲ.

ಹಾಗಾಗಿ ಮೊನ್ನೆ ಮತ್ತೆ ಅರೋರಾದ ಮುನ್ಸೂಚನೆ ಬಂದದ್ದೇ ತಡ, ಪುಳಿಯೋಗರೆ ಕಟ್ಟಿಸಿಕೊಂಡು, ಯಾಮಿನಿಯನ್ನು ಕಾರಿಗೆ ಹತ್ತಿಸಿಕೊಂಡು, ಊರ ದೀಪಗಳಾಚೆ ಸ್ನೊಕ್ವಾಲ್ಮಿ ಬೆಟ್ಟದ ಕತ್ತಲಿಗೆ ದಂಡಯಾತ್ರೆ ಹೊರಟೆ. ಅರ್ಧ ಸಿಯಾಟಲ್ ಅಲ್ಲೇ ಇತ್ತು. ಒಂದೊಂದು ಕಾರು ಬಂದಾಗಲೂ ಹೆಡ್‌ಲೈಟು ನನ್ನ ಮುಖಕ್ಕೇ. ಹಲ್ಲು ಕಚ್ಚಿಕೊಂಡು, ಕತ್ತು ನೋಯುವವರೆಗೆ ಮೇಲೆ ನೋಡಿದೆ. ಆಕಾಶದ ತುಂಬ ನಕ್ಷತ್ರ. ಉತ್ತರಕ್ಕೆ ಮಾತ್ರ, ಬೇಕೆಂದೇ ತಂದಿಟ್ಟ ಹಾಗೆ, ಬೂದು ಬಣ್ಣದ ಒಂದು ಮೋಡ.

ನನ್ನ ಸಹನೆಯ ಕಟ್ಟೆಯೊಡೆಯಿತು. ಕೈಯೆತ್ತಿ ಕೂಗಿದೆ: "ಥೂ, ದರಿದ್ರ ಮೋಡವೇ! ಇಡೀ ಆಕಾಶ ಖಾಲಿ ಬಿದ್ದಿದೆ, ನಿಂಗೆ ಇಲ್ಲೇ ಬಂದು ಬಿದ್ಕೋಬೇಕಿತ್ತಾ? ಮಾನ ಮರ್ಯಾದೆ ಇದೆಯಾ?"

"ರೀ, ಸ್ವಲ್ಪ ಸುಮ್ನಿರಿ," ಎಂದಳು ಯಾಮಿನಿ, ಫೋನನ್ನು ನನ್ನತ್ತ ಹಿಡಿದು.

"ಸುಮ್ನಿರಲ್ಲ! ಪುಳಿಯೋಗರೆ ತಿನ್ನಕ್ಕೆ ಇಷ್ಟು ದೂರ ಡ್ರೈವ್ ಮಾಡ್ಬೇಕಿತ್ತಾ?"

"ಅಲ್ಲಾರೀ, ಅದು ಮೋಡ..."

"ಮೋಡ ಅಂತ ನಂಗೂ ಗೊತ್ತು ಕಣೇ!"

ಕಾರಿನೊಳಗೆ ಕೂತು ಬಾಗಿಲು ಬಡಿದೆ. ಟೋಪಿಯನ್ನು ಮೂಗಿನವರೆಗೆ ಎಳೆದುಕೊಂಡೆ. ಹೊರಗೆ ಜನ ಓಹೋ ಎಂದು ಕೂಗುತ್ತಿದ್ದರು. ನನ್ನನ್ನೇ ಆಡಿಕೊಳ್ಳುತ್ತಿದ್ದಾರೆಂದು ಕಿಟಕಿಯನ್ನೂ ಏರಿಸಿದೆ.

ಬಹಳ ಹೊತ್ತಿನ ಮೇಲೆ ಯಾಮಿನಿ ಬಂದು ಫೋನು ಮುಂದೆ ಹಿಡಿದಳು. ಫೋಟೋದಲ್ಲಿ ಕೈಯೆತ್ತಿ ಬಾಯಿ ತೆರೆದ ನಾನು. ನನ್ನ ಹಿಂದೆ ಅದೇ ಮೋಡ. ಕೆಳಗೆ ಹಸಿರು, ಮೇಲೆ ಗುಲಾಬಿ!

"ಕಣ್ಣಿಗೆ ಮೊದಲು ಬೂದು ಬಣ್ಣವೇ ಕಾಣೋದಂತೆ ರೀ, ಫೋನಿಗೆ ಮಾತ್ರ ಬಣ್ಣ. ಆಮೇಲೆ ಕಣ್ಣಿಗೂ ಕಾಣ್ತು, ಪರದೆ ಥರ ಅಲ್ಲಾಡ್ತಿತ್ತು. ಎಷ್ಟು ಚೆನ್ನಾಗಿತ್ತು ಅಂತೀರಾ! ಕರೆದೆ, ನೀವು ಕಿಟಕಿ ಏರಿಸಿಬಿಟ್ರಿ."

ಟೋಪಿ ಬಿಸಾಡಿ ಹೊರಗೆ ಧುಮುಕಿದೆ. ಅಷ್ಟರಲ್ಲಿ ನಿಜವಾದ ಮೋಡ ಬಂದು ಆಕಾಶವನ್ನೆಲ್ಲ ಮುಚ್ಚಿತ್ತು.

ಆ ಫೋಟೋವನ್ನು ಅವಳು ಆಗಲೇ ತವರಿನ ವಾಟ್ಸಾಪ್ ಗ್ರೂಪಿಗೆ ಕಳಿಸಿಯಾಗಿತ್ತು. ಮೈಸೂರಿನಿಂದ ಮಾವ ಅಶ್ವತ್ಥನಾರಾಯಣರ ಸಂದೇಶ ಬಂತು: "ಲೈಟಿಂಗ್ ಚೆನ್ನಾಗಿದೆ. ಅಳಿಯಂದಿರು ಯಾರನ್ನು ಬೈತಿದಾರೆ?"

"ಅರೋರಾನ, ಅಪ್ಪ" ಎಂದು ಒತ್ತಿದಳು ಇವಳು.

ಮಾವನ ಮರುಸಂದೇಶ: "ಪಂಜಾಬಿನವರು ತುಂಬಾ ಒಳ್ಳೇ ಜನ. ನಮ್ಮ ಬ್ಯಾಂಕಿನ ಮ್ಯಾನೇಜರೂ ಅರೋರಾ ಅಂತಲೇ. ಪರದೇಶದಲ್ಲಿ ನಮ್ಮವರ ಮೇಲೆ ಹೀಗೆ ಕೂಗಾಡೋದಾ? ಹೋಗಿ ಕ್ಷಮೆ ಕೇಳಕ್ಕೆ ಹೇಳು."

"ನಿಮ್ಮಪ್ಪಂಗೆ ನಿಜ ಹೇಳೇ!" ಎಂದು ಅರಚಿದೆ. ಅವಳು ನಗುತ್ತಾ "ಆಯ್ತು ಅಪ್ಪ" ಎಂದಷ್ಟೇ ಒತ್ತಿದಳು.

ಭಾನುವಾರ ಮಾವನ ಫೋನು. ಕುಶಲ ಕೇಳುವ ಮೊದಲೇ, "ಏನು ಕಶ್ಯಪ್, ಅರೋರಾ ಸಿಕ್ಕಿದ್ರಾ?"

"ಇಲ್ಲ ಮಾವ," ಎಂದೆ, ಹಲ್ಲು ಕಡಿಯುತ್ತಾ. "ಮುಖಾನೇ ತೋರಿಸ್ತಿಲ್ಲ."

"ಹೇಗೆ ತೋರಿಸ್ತಾರೆ? ಹಾಗೆ ಬೈದ್ರೆ!"