ಹೆಸರು ಕೇಳದೆ ಬಾಗಿಲು ತೆರೆಯದ ಕಂಪ್ಯೂಟರ್ ಸಾಹೇಬರಿಗೆ

ಸಕ್ಕರೆ ಕಾರ್ಖಾನೆಯ ತಂಪು ಕೋಣೆಯಲ್ಲಿ ವಿರಾಜಮಾನರಾಗಿ, ಸುತ್ತಲಿನ ಹಳ್ಳಿಗಳ ಕಬ್ಬಿನ ದಾಖಲೆಯನ್ನೆಲ್ಲ ಹೊಟ್ಟೆಯಲ್ಲಿಟ್ಟುಕೊಂಡಿರುವ ಮಾನ್ಯರೇ,

ಲೋಕಾಪುರದ ಕಬ್ಬಿನ ಕಚೇರಿಯ ಗುಮಾಸ್ತ ಹೊಳಬಸಪ್ಪನ ಸಾಷ್ಟಾಂಗ ಪ್ರಣಾಮಗಳು. ಮಂಗಳವಾರ ಕರೆಂಟು ಹೋಗಿ ಬಂದ ಮೇಲೆ ತಮ್ಮನ್ನು ಮತ್ತೆ ಚಾಲೂ ಮಾಡಿದರೆಂದೂ, ತಾವು ಕ್ಷೇಮವಾಗಿ ಎದ್ದಿರೆಂದೂ ತಿಳಿದು ಸಂತೋಷವಾಯಿತು. ಆದರೆ ಅಂದಿನಿಂದ ಟೆಲಿಫೋನ್ ತಂತಿಯ ಮೂಲಕ ನಾನಿಲ್ಲಿಂದ ಏನು ಕೇಳಿದರೂ ತಾವು ಋಷಿಗಳಿಗೂ ಸಾಧ್ಯವಾಗದ ಮೌನವನ್ನು ತಾಳಿದ್ದಿರಿ.

ಬುಧವಾರ ಬೆಳಿಗ್ಗೆ ಕಸ್ತೂರೆವ್ವನವರು ಎರಡು ಎಕರೆ ಕಬ್ಬಿನ ಕಟಾವು ಚೀಟಿಗಾಗಿ ಬಂದರು. ಕಡಿಯುವ ಗ್ಯಾಂಗು ಆಗಲೇ ಅವರ ಹೊಲದ ಬದುವಿನಲ್ಲಿ ಕುಳಿತಿತ್ತು. ಸಂಜೆಯೊಳಗೆ ಚೀಟಿ ಸಿಗದಿದ್ದರೆ ಬೀಳಗಿಯ ಕಡೆ ಹೊರಟುಬಿಡುತ್ತಿತ್ತು, ಮತ್ತೆ ಬರುವಷ್ಟರಲ್ಲಿ ಕಬ್ಬು ಒಣಗಿ ಕಟ್ಟಿಗೆಯಾಗುತ್ತಿತ್ತು. ನಾನು ವೈರು ಬದಲಿಸಿದೆ. ಲೈನ್‌ಮನ್ ಜಕ್ಕಪ್ಪನನ್ನು ಕಂಬ ಹತ್ತಿಸಿದೆ. ಅವನು ಇಳಿದು ಬಂದು, “ಲೈನ್ ಛಲೋ ಐತ್ರಿ, ಕೇಳಾಂವಗ ಮನಸ್ಸಿಲ್ಲ” ಎಂದ. ಕಸ್ತೂರೆವ್ವನವರು ಒಂದು ತಾಸು ಕಾಯ್ದು, “ಇದರಕಿಂತ ನಮ್ಮ ಎತ್ತ ಲಗೂನ ಮಾತಾಡೀತು” ಎಂದು ಬಸ್ಸು ಹತ್ತಿ ನೇರ ಕಾರ್ಖಾನೆಗೇ ಹೋದರು.

ಅಲ್ಲಿ ತಾವು ಕಣ್ಣು ಮಿಟುಕಿಸುವಷ್ಟರಲ್ಲಿ ಚೀಟಿ ಕೊಟ್ಟಿರಂತೆ! ಅವರು ಆಪರೇಟರ್ ಮಾದೇವಿಯವರನ್ನು, “ನನಗ ಇಷ್ಟ ಲಗೂ ಕೊಟ್ತಲ್ಲವಾ, ಹೊಳಬಸಪ್ಪನ ಮ್ಯಾಲ ಇದಕ್ಕೇನ್ ಸಿಟ್ಟ?” ಎಂದು ಕೇಳಿದರಂತೆ. ಆ ಒಂದು ಮಾತಿನಿಂದಲೇ, ತಾವು ನಿಧಾನಿಯಲ್ಲ, ಹೊರಗಿನಿಂದ ಕರೆಯುವವರಿಗಷ್ಟೇ ನಿಧಾನಿ ಎಂಬುದು ಮಾದೇವಿಯವರಿಗೆ ಹೊಳೆಯಿತು. ಹುಡುಕಿ ನೋಡಿದರೆ, ಕರೆಂಟು ಹೋದಾಗಿನ ನಿದ್ದೆಯಲ್ಲಿ ತಾವು ನಮ್ಮ ಗುರುತನ್ನೇ ಮರೆತು, ಪ್ರತಿ ಸಲವೂ “ಇವರ್ಯಾರು?” ಎಂದು ಎಲ್ಲರ ಹೆಸರಿನ ಪಟ್ಟಿ ಇಟ್ಟುಕೊಂಡು ಪಕ್ಕದಲ್ಲಿದ್ದ ಹಳೆಯ ಯಂತ್ರವನ್ನು ವಿಚಾರಿಸುತ್ತ, ಉತ್ತರಕ್ಕಾಗಿ ಸಭ್ಯತೆಯಿಂದ ಕಾಯುತ್ತಿದ್ದಿರಿ. ಆ ಪುಣ್ಯಾತ್ಮನನ್ನೋ, ಹೋದ ತಿಂಗಳೇ ಗೋದಾಮಿಗೆ ಹೊತ್ತುಹಾಕಿದ್ದರು! ಮಾದೇವಿಯವರು ನಮ್ಮ ಕಚೇರಿಯ ಹೆಸರನ್ನು ತಮ್ಮ ದಾಖಲೆಯ ಹೊಟ್ಟೆಯಲ್ಲೇ ಬರೆದಿಟ್ಟ ಕೂಡಲೇ ತಾವು ನನ್ನನ್ನು ಹಳೆಯ ಬೀಗರಂತೆ ಬರಮಾಡಿಕೊಂಡಿರಿ. ಕಸ್ತೂರೆವ್ವನವರು ಅಷ್ಟರಲ್ಲಿ ಚೀಟಿಯೊಂದಿಗೆ ಹೊಲ ಮುಟ್ಟಿ, ಕುಡುಗೋಲು ಕಬ್ಬಿಗೆ ತಗಲಿಯೂ ಆಗಿತ್ತು.

ಆದ್ದರಿಂದ, ತಾವು ಮೂರು ಸಲ ಕರೆದರೂ ಯಾರಾದರೂ ಓಗೊಡದಿದ್ದರೆ ಅವರು ತೀರಿಕೊಂಡರೆಂದು ತಿಳಿದು, ಸೂತಕ ಕಳೆದು, ಬದುಕಿರುವ ನಮ್ಮ ಕಡೆ ಕೃಪೆಯಿಟ್ಟು ನೋಡಬೇಕಾಗಿ ಪ್ರಾರ್ಥನೆ.

ತಮ್ಮ ವಿಶ್ವಾಸಿ, ಈಗ ತಮಗೂ ಗುರುತಿರುವ
ಹೊಳಬಸಪ್ಪ

ತಾ.ಕ.: ಬುಧವಾರ ತಾಳ್ಮೆಗೆಟ್ಟು ನಾನು ಕೇಳಿದ್ದನ್ನೇ ಕೇಳಿದ ಹನ್ನೊಂದು ಕೋರಿಕೆಗಳಿಗೂ ತಾವು ಗುರುವಾರ ಒಟ್ಟಿಗೇ ಉತ್ತರಿಸಿ, ಆ ಎರಡು ಎಕರೆಗೆ ಇನ್ನೂ ಹನ್ನೊಂದು ಚೀಟಿ ದಯಪಾಲಿಸಿದ್ದೀರಿ. ಅವನ್ನು ಕಚೇರಿಯಿಂದ ಎತ್ತಿಕೊಂಡ ಕಸ್ತೂರೆವ್ವನವರು, ಮರಳಿ ಕೊಡಿರೆಂದರೆ, “ಬರೂ ವರ್ಷ ಅದು ಮತ್ತ ಮಲಗಿದ್ರ ಬೇಕಾಗ್ತಾವು” ಎಂದು ಸೆರಗಿಗೆ ಗಂಟು ಹಾಕಿಕೊಂಡು ಹೋದರು.