ಮಾವನವರ ರೈಫಲ್ಲಿಗೆ ಅಭಿಷೇಕ

ಪ್ರತಿಯೊಬ್ಬ ಮನುಷ್ಯನಿಗೂ ತಾನು ಅರ್ಧಂಬರ್ಧ ಬಲ್ಲ ಒಂದು ವಿಷಯ ಇರುತ್ತದೆ, ಅವನು ದೊಡ್ಡ ದನಿಯಲ್ಲಿ ಮಾತಾಡುವುದು ಅದೊಂದರ ಬಗ್ಗೆಯೇ. ನಮ್ಮ ಪಕ್ಕದ ಮನೆಯ ಮಾಸ್ತರರಿಗೆ ಅದು ನಾಟಿ ಔಷಧ. ಅವರು ಹೇಳಿದ ಕಷಾಯ ಕುಡಿದು ಮೂರು ದಿನ ಮಲಗಿದ್ದೇನೆ, ಆ ಮಾತು ಬೇರೆ. ನನಗೆ ಅದು ಬಂದೂಕು. ಈಗ ಒಂದು ಗುಟ್ಟು ಹೇಳಿಬಿಡುತ್ತೇನೆ: ನನಗೆ ಬಂದೂಕು ಕಂಡರೆ ಭಯ. ಆದರೇನು, ಅರವತ್ತರ ದಶಕದ ಆ ದಿನಗಳಲ್ಲಿ ನಾನು ಹಳಿಯಾಳ-ಮುಂಡಗೋಡ ಸೀಮೆಯ ಒಂದು ಮಾಮಲೇದಾರ ಕಚೇರಿಯಲ್ಲಿ, ಅಂದರೆ ಈಗಿನ ತಹಶೀಲ್ದಾರ ಕಚೇರಿಯಲ್ಲಿ, ಕಾರಕೂನ. ನನ್ನ ಪಾಲಿಗೆ ಬಂದದ್ದು ಬಂದೂಕಿನ ಲೈಸೆನ್ಸಿನ ಟೇಬಲ್ಲು. ಯಾವ ಊರಿನ ಕಚೇರಿ ಎಂದು ಹೇಳುವುದಿಲ್ಲ, ಆ ಊರಿನವರು ನಕ್ಕು ಮುಗಿಸಿ ಈಗ ತಾನೇ ಸುಮ್ಮನಾಗಿದ್ದಾರೆ.

ಆ ಟೇಬಲ್ಲಿನ ಖಾನೆಯಲ್ಲಿ ಹಿಂದಿನ ಕಾರಕೂನರು ಬಿಟ್ಟುಹೋದ ಒಂದು ಇಂಗ್ಲಿಷ್ ಪುಸ್ತಕವಿತ್ತು. ಹಳೆಯ ಸೈನ್ಯದ ರೈಫಲ್ಲುಗಳ ಚಿತ್ರ, ಅವುಗಳ ಮೇಲೆ ಒತ್ತಿದ ಅಕ್ಷರ, ಅಂಕಿ, ಕಿರೀಟ, ನಕ್ಷತ್ರ, ಎಲ್ಲ ಅದರಲ್ಲಿತ್ತು. ಗೆದ್ದಲು ತಿಂದ ಕೆಲವು ಪುಟಗಳನ್ನು ಬಿಟ್ಟು ಉಳಿದದ್ದನ್ನೆಲ್ಲ ನಾನು ಬಾಯಿಪಾಠ ಮಾಡಿದೆ. ಗೆದ್ದಲು ತಿಂದ ಪುಟದಲ್ಲಿ ಏನಿತ್ತೋ ಅದು ಲೋಕದಲ್ಲೇ ಇಲ್ಲವೆಂದು ನನ್ನ ನಂಬಿಕೆ. ವರ್ಷಕ್ಕೊಮ್ಮೆ ಸುತ್ತಲಿನ ಚಿಗಳ್ಳಿ, ಇಂದೂರು ಹಳ್ಳಿಗಳ ರೈತರು ಬಂದೂಕುಗಳನ್ನು ತಪಾಸಣೆಗೆ ತಂದಾಗ ನಾನು ದೂರದಿಂದಲೇ ಕತ್ತು ಚಾಚಿ, ಬೋಲ್ಟಿನ ಕೆಳಗೆ ಒತ್ತಿದ ಅಕ್ಷರ ಓದಿ, ಇದು ಇಂಥ ಮಾದರಿ, ಇಂಥ ಕಾರಖಾನೆಯದು ಎಂದು ಫಡಫಡ ಹೇಳಿಬಿಡುತ್ತಿದ್ದೆ. ಜನ ಬಾಯಿ ತೆರೆದು ನೋಡುತ್ತಿದ್ದರು. ನಳಿಗೆಯ ಬಾಯಿಯ ಕಡೆ ಮಾತ್ರ ನಾನು ಒಮ್ಮೆಯೂ ಹೋದವನಲ್ಲ.

ಆ ವರ್ಷ ನನ್ನ ಮಾವ ಬಸವಂತಪ್ಪನವರು ಇಂದೂರಿನಿಂದ ಚಕ್ಕಡಿಯಲ್ಲಿ ತಮ್ಮ ರೈಫಲ್ಲು ತಂದರು. ಹಿಂದಿನ ವರ್ಷಗಳಲ್ಲಿ ಅದನ್ನು ನೋಡುತ್ತಿದ್ದವರು ಬೇರೆ ಕಾರಕೂನರು, ಅಳಿಯನ ಟೇಬಲ್ಲಿಗೆ ಬಂದದ್ದು ಅದೇ ಮೊದಲು. ಮುಚ್ಚಿಹೋದ ಯಾವುದೋ ರೈಫಲ್ ಕ್ಲಬ್ಬಿನ ಲಿಲಾವಿನಲ್ಲಿ ಕೊಂಡದ್ದು. ಅವರು ಗುರಿಹಲಗೆಗೆ ಹೊಡೆಯುವ ಹವ್ಯಾಸಿ, ಬೇಟೆ ಎಂದರೆ ಶಿವ ಶಿವ ಎನ್ನುವವರು. ಲೈಸೆನ್ಸಿನಲ್ಲಿ ಇಪ್ಪತ್ತೆರಡರ ಸಣ್ಣ ಬೋರು, ಅಂದರೆ ನಳಿಗೆಯ ತೂತು ಸಣ್ಣದು, ಎಂದು ಬರೆದಿತ್ತು. ಅದಕ್ಕೆ ಸುತ್ತಿದ ಬಟ್ಟೆ ಬಿಚ್ಚಿದರೆ ನನ್ನೆದುರಿಗೆ ಸಾಕ್ಷಾತ್ ಸೈನ್ಯದ ರೈಫಲ್ಲು! ಅದೇ ಕಟ್ಟಿಗೆ, ಅದೇ ಬೋಲ್ಟು, ಅದೇ ತೂಕ. ಅಕ್ಷರ ಓದೋಣವೆಂದರೆ ಅಲ್ಲಿ ಬೆರಳು ದಪ್ಪದ ವಿಭೂತಿ. ಪ್ರತಿ ಖಂಡೇನವಮಿಯ ಆಯುಧಪೂಜೆಗೂ ಮಾವನವರು ಒದ್ದೆ ಕೈಯಲ್ಲಿ ಮೂರು ಬೆರಳು ಎಳೆದು ಪೂಜೆ ಮಾಡಿದ್ದರು, ಒಂದು ವರ್ಷದ್ದರ ಮೇಲೆ ಇನ್ನೊಂದು ವರ್ಷದ್ದು ಗಾರೆಯ ಹಾಗೆ ಕೂತಿತ್ತು. ಅದರ ಅಂಚಿನಲ್ಲಿ ಒಂದು ನಕ್ಷತ್ರ ಮಾತ್ರ ಕಾಣುತ್ತಿತ್ತು. ನನಗೆ ಅಷ್ಟು ಸಾಕಾಯಿತು. ಆ ನಕ್ಷತ್ರ ನನ್ನ ಪುಸ್ತಕದ ಹನ್ನೊಂದನೆಯ ಪುಟದಲ್ಲಿ, ಸೈನ್ಯದ ತ್ರೀ ನಾಟ್ ತ್ರೀ ರೈಫಲ್ಲಿನ ಚಿತ್ರದಲ್ಲಿತ್ತು.

"ಮಾವಾರ, ಇದು ತ್ರೀ ನಾಟ್ ತ್ರೀ. ಸೈನ್ಯದ ಬೋರು. ಮನಿಯೊಳಗ ಇಡೂ ಹಂಗಿಲ್ರಿ," ಎಂದೆ, ನಾಲ್ಕು ಜನರಿಗೆ ಕೇಳುವ ಹಾಗೆ.

"ಅಲ್ರಿ ಅಳಿಯಂದ್ರ, ಇದು ಸಣ್ಣ ಗುಂಡಿನ ತೋಟಾದ್ದ ಐತಿ. ಸಿಪಾಯಿಗೋಳಿಗೆ ಗುರಿ ಕಲಿಸಾಕಂತ ಮಾಡಿದ್ದು. ಮೈ ದೊಡ್ಡದು, ಹೊಟ್ಟಿ ಸಣ್ಣದು. ಬೇಕಾದ್ರ ಬಾಯಾಗಿನ ಅರಿವಿ ತಗದು ನೋಡ್ರಿ."

ನಳಿಗೆಯ ಬಾಯಿಗೆ ಹುಳ ಹೋಗದಂತೆ ಅರಿವೆ ತುರುಕಿದ್ದರು. ಅದನ್ನು ತೆಗೆದು ಒಳಗೆ ಇಣುಕಬೇಕೆ? ನಾನು? "ಅದರ ಜರೂರಿಲ್ರಿ," ಎಂದೆ. ಗತ್ತಿನಿಂದಲೇ ಎಂದೆ. ಜವಾನನಿಗೆ ವಿಭೂತಿ ಕೆರೆಯಲು ಹೇಳಿದಾಗ ಮಾವನವರು ಎದ್ದು ನಿಂತರು. "ದೇವರ ವಿಭೂತಿ ಕೆರೀತೀರೇನ್ರಿ? ಬಂದೂಕ ಹೋದರ ಹೋಗಲಿ." ಜವಾನ ಎರಡು ಹೆಜ್ಜೆ ಹಿಂದೆ ಸರಿದ. ಅಳಿಯನೆಂದು ಸಡಿಲ ಬಿಟ್ಟ ಎಂಬ ಮಾತು ಬರಬಾರದಲ್ಲ, ನಾನು ಒಂದಕ್ಕೆರಡು ಬಿರುಸಾಗಿ ವರದಿ ಬರೆದೆ: ಲೈಸೆನ್ಸಿನಲ್ಲಿ ಸುಳ್ಳು, ಬಂದೂಕು ಜಪ್ತಿ, ಮುಂದಿನ ಕ್ರಮಕ್ಕೆ ಕಾರವಾರಕ್ಕೆ ಕಳಿಸತಕ್ಕದ್ದು. ಮರುದಿನ ಮಾಮಲೇದಾರರ ಸಹಿ ಬಿದ್ದರೆ ಮಧ್ಯಾಹ್ನದ ಟಪಾಲಿಗೆ ಹೋಗುವುದು, ಆಮೇಲೆ ಮಾವನವರ ಮೇಲೆ ಖಟ್ಲೆ.

ಸಂಜೆ ಮಾವನವರು ನಮ್ಮ ಮನೆಗೇ ಬಂದರು, ಮತ್ತೆಲ್ಲಿಗೆ ಹೋಗಬೇಕು? ಒಂದು ಮಾತು ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಪುಣ್ಯಾತ್ಮರು "ರೊಟ್ಟಿ ಭಾಳ ಚಲೋ ಆಗ್ಯಾವ" ಎಂದು ಉಂಡು, ಪಡಸಾಲೆಯಲ್ಲಿ ಗೋಡೆ ನೋಡುತ್ತ ಕೂತರು. ನನ್ನ ಹೆಂಡತಿ ಗಿರಿಜಾ ನನ್ನ ತಾಟಿಗೆ ರೊಟ್ಟಿ ಬಡಿಸಿದಳು, ಪಲ್ಯ ಬಡಿಸಲಿಲ್ಲ. "ನಮ್ಮಪ್ಪ ಆ ಬಂದೂಕಿಲೆ ಒಂದು ಕಾಗಿ ಸೈತ ಹೊಡದಿಲ್ಲ. ಅಂಥಾವಗ ಈ ವಯಸ್ಸಿನ್ಯಾಗ ಕೋರ್ಟಿನ ಮೆಟ್ಟಲಾ ಹತ್ತಸ್ತೀರಿ. ಶಾಣ್ಯಾರ ಬಿಡ್ರಿ ನೀವು," ಎಂದಳು. ಒಣರೊಟ್ಟಿ ಅರ್ಧಕ್ಕೇ ಬಿಟ್ಟು ಎದ್ದೆ. ಪುಸ್ತಕ ತೆರೆದು ಹನ್ನೊಂದನೆಯ ಪುಟ ಮತ್ತೆ ನೋಡಿದೆ. ಹನ್ನೆರಡು, ಹದಿಮೂರು ಗೆದ್ದಲಿನ ಹೊಟ್ಟೆ ಸೇರಿದ್ದವು. ಅಂದು ಮೊದಲ ಸಲ, ಆ ಪುಟಗಳಲ್ಲಿ ಏನಿತ್ತೋ ಎಂಬ ಅನುಮಾನ ಬಂತು.

ಬೆಳಿಗ್ಗೆ ಹೊರಡುವಾಗ ಗಿರಿಜಾ ತುಂಬಿದ ತಾಮ್ರದ ತಂಬಿಗೆ ತಂದು ನನ್ನ ಕೈಗಿಟ್ಟಳು. "ವಿಭೂತಿ ಕೆರಿಯೂದು ಪಾಪ. ನೀರು ಹಾಕಿದರ ಅಭಿಷೇಕ ಆಗತೈತಿ. ಅಪ್ಪ ಒಲ್ಲೆ ಅನ್ನಂಗಿಲ್ಲ," ಎಂದಳು. ಇಷ್ಟು ಸಾದಾ ವಿಚಾರ ಇಡೀ ಕಚೇರಿಗೆ ಹೊಳೆದಿರಲಿಲ್ಲ. ಪೇಟೆಯ ನಡುವೆ ಕೋಟು ಹಾಕಿಕೊಂಡು, ಕಿವಿಯ ಮೇಲೆ ಪೆನ್ಸಿಲ್ಲು ಸಿಕ್ಕಿಸಿಕೊಂಡು, ತುಂಬಿದ ತಂಬಿಗೆ ಹಿಡಿದು ಮಾವನ ಹಿಂದೆ ನಡೆದ ನನ್ನನ್ನು ಕಂಡು ಜನ ಏನೆಂದುಕೊಂಡರೋ ಕೇಳಬೇಡಿ.

ಮಾಮಲೇದಾರರು ವರದಿ ಓದಿ ಒಂದೇ ಪ್ರಶ್ನೆ ಕೇಳಿದರು: "ನಳಿಗಿ ನೋಡಿದ್ರೇನು?" ನಾನು ನಕ್ಷತ್ರದ ಕಡೆ ಬೆರಳು ತೋರಿಸಿದೆ. ಮಾವನವರು ಮೆಲ್ಲಗೆ, "ಅಳಿಯಂದ್ರ, ಆ ಕಿವಿ ಮ್ಯಾಲಿನ ಪೆನ್ಸಿಲ್ ಸ್ವಲ್ಪ ಕೊಡ್ರಿ," ಎಂದರು. ಅರಿವೆ ಕಿತ್ತು ಪೆನ್ಸಿಲ್ಲನ್ನು ನಳಿಗೆಯ ಬಾಯಿಗೆ ಇಟ್ಟರು. ತುದಿ ಮಾತ್ರ ಒಳಗೆ, ಉಳಿದದ್ದು ಹೊರಗೆ! ಆಮೇಲೆ ಮಾಮಲೇದಾರರು ಖಜಾನೆಯ ಪಹರೆಯ ಪೊಲೀಸನ ತ್ರೀ ನಾಟ್ ತ್ರೀ ತರಿಸಿದರು. ಅವನು ತೋಟಾ ತೆಗೆದು, ಖಾತ್ರಿ ಮಾಡಿ, ಗೊಣಗುತ್ತ ಹಿಡಿದ. ಪೆನ್ಸಿಲ್ಲು ಸರ್ರನೆ ಒಳಗಿಳಿದು ಮಾಯವಾಯಿತು. ರೈಫಲ್ಲನ್ನು ತಲೆಕೆಳಗು ಮಾಡಿ ಬಡಿದ ಮೇಲೆ ಹೊರಬಂತು. ನಾಲ್ಕು ವರ್ಷದಿಂದ ನಾನು ಪುಸ್ತಕ ಉರು ಹೊಡೆದು ಮಾಡುತ್ತಿದ್ದ ಕೆಲಸವನ್ನು ನನ್ನ ಕಿವಿಯ ಮೇಲಿದ್ದ ಪೆನ್ಸಿಲ್ಲು ಎರಡು ನಿಮಿಷದಲ್ಲಿ ಮಾಡಿತ್ತು.

"ಫೈಲಿಗೆ ಪೆನ್ಸಿಲ್ಲು ಸಾಕ್ಷಿ ಆಗೂದಿಲ್ಲ, ನಂಬರ ಬೇಕು," ಎಂದರು ಮಾಮಲೇದಾರರು. ಮಾವನವರು ತಂಬಿಗೆ ತೆಗೆದುಕೊಂಡು, "ಓಂ ನಮಃ ಶಿವಾಯ" ಎನ್ನುತ್ತ ಕಚೇರಿಯ ಅಂಗಳದಲ್ಲಿ ರೈಫಲ್ಲಿಗೆ ನೀರೆರೆದರು. ಜವಾನ ಚಪ್ಪಲಿ ಬಿಟ್ಟು ಕೈಮುಗಿದ. ವರ್ಷ ವರ್ಷದ ಗಾರೆ ಕರಗಿ ಹರಿಯಿತು, ಮೊದಲು ಅಕ್ಷರ, ಆಮೇಲೆ ಸ್ಪಷ್ಟವಾಗಿ ಇಪ್ಪತ್ತೆರಡು, ಅದರಾಚೆ ನಾಲ್ಕನೆಯ ಮಾದರಿಯ ಗುರುತು, ಕೊನೆಗೆ ನನ್ನನ್ನು ಕೆಡಿಸಿದ ಆ ಹಾಳು ನಕ್ಷತ್ರ. ಎರಡು ಬಂದೂಕಿಗೂ ಅದೇ ನಕ್ಷತ್ರ ಎಂಬುದು ಗೆದ್ದಲು ತಿಂದ ಪುಟದಲ್ಲಿತ್ತೇನೋ. ಸದ್ಯ, ಉಳಿದೆನಪ್ಪಾ! ನನಗಾದ ಸಮಾಧಾನ ಎಷ್ಟೆಂದರೆ, ನನ್ನ ವರದಿಯನ್ನು ನಾನೇ ನಗುನಗುತ್ತ ನಾಲ್ಕು ತುಂಡು ಮಾಡಿದೆ. ಮಾವನವರು ರೈಫಲ್ಲು ಒರೆಸಿ, ಎಣ್ಣೆ ಹಚ್ಚಿ, "ಇರಲಿ ಬಿಡ್ರಿ, ನಿಮ್ಮ ಕೈಲೆ ದೇವರಿಗೆ ಒಂದು ಸ್ನಾನ ಆತು," ಎಂದು ನನ್ನ ಬೆನ್ನು ಚಪ್ಪರಿಸಿದರು. ಮಧ್ಯಾಹ್ನ ಊಟಕ್ಕೆ ಪಲ್ಯವಿತ್ತು, ಮೇಲೆ ಬೆಣ್ಣೆ ಕೂಡ.

ಇಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಆ ಸಲದ ಖಂಡೇನವಮಿಗೆ ಇಂದೂರಿಗೆ ಹೋದರೆ ಪೂಜೆಯ ಮಣೆಯ ಮೇಲೆ ರೈಫಲ್ಲು, ನಂಬರು ಬಿಟ್ಟು ಹಿಡಿಕೆಯ ಮೇಲೆ ಮಾತ್ರ ವಿಭೂತಿ. ಪಕ್ಕದಲ್ಲಿ ನನ್ನ ಪೆನ್ಸಿಲ್ಲು! ಗಿರಿಜಾ ಯಾವಾಗ ಕೋಟಿನ ಕಿಸೆಯಿಂದ ತೆಗೆದಳೋ. ಅದರ ಮೇಲೆ ಮೂರು ಬೆರಳಿನ ವಿಭೂತಿ, ಒಂದು ಕುಂಕುಮದ ಬೊಟ್ಟು. "ನಮ್ಮನಿಯೊಳಗ ಬಂದೂಕ ಖರೇ ಗುರತಿಸಿದ್ದು ಅದೊಂದ," ಎಂದಳು, ಮುಖದಲ್ಲಿ ನಗೆಯ ಸುಳಿವಿಲ್ಲ. ಎಲ್ಲರೂ ನಕ್ಕರು, ನಾನೂ ನಕ್ಕೆ. ಹಬ್ಬ ಮುಗಿಸಿ ಪೆನ್ಸಿಲ್ಲು ಹಿಂದೆ ತಂದೆ. ಕಚೇರಿಯಲ್ಲಿ ಅದರ ತುದಿ ಮೊಂಡಾದದ್ದು ಕಂಡು ಹೆರೆಯಲು ಚಾಕು ತೆಗೆದೆ, ವಿಭೂತಿ ಕಂಡಿತು; ಅದನ್ನು ಕೆರೆಯುವುದು ಪಾಪವಲ್ಲವೆ, ಚಾಕು ಮಡಚಿಟ್ಟೆ. ಅಂದಿನಿಂದ ಪಕ್ಕದ ಟೇಬಲ್ಲಿನವರ ಪೆನ್ಸಿಲ್ಲು ಕೇಳಿ ಬರೆಯತೊಡಗಿದೆ.